ಕರೆ ಮಾಡಬಾರದ ಫೋನು

ಬೀಗದಣ್ಣನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಮಾತ್ರ. ಆ ಕಡೆ ಅವನು ಕೆಮ್ಮಿದರೆ ಈ ಕಡೆ ನನ್ನ ಮೆಷಿನ್ನಿನ ಮೇಲಿಟ್ಟ ದಾರದ ಉಂಡೆ ಅಲುಗುತ್ತದೆ. ಈ ಕಡೆ ನಾನು ಗಿರಾಕಿಗೆ ಚಳಿ ಬಿಡಿಸಿದರೆ ಆ ಕಡೆಯಿಂದ ಅವನು ಹಲಗೆ ತಟ್ಟಿ, "ಸಾಕು ಬಿಡಿ ಅಕ್ಕ, ಪಾಪ, ಅವರೂ ಯಾರದೋ ಮನೆ ಮಕ್ಕಳು," ಅನ್ನುತ್ತಾನೆ. ನಾನು ಟೈಲರು. ನನ್ನ ಕತ್ತರಿಗಿಂತ ನಾಲಿಗೆ ಹರಿತ ಎಂದು ಬೀದಿಯೇ ಹೇಳುತ್ತದೆ, ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಈಚೆಗೆ ಅದೇ ಬೀದಿ ಇವನ ಬಗ್ಗೆ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದೆ. ಊರಿಗೆಲ್ಲ ಫೋನು ಮಾರುವವನು ಸ್ವಂತ ಹೆಂಡತಿಗೆ ಒಂದು ನೆಟ್ಟಗಿನ ಫೋನು ಕೊಡಲಿಲ್ಲವಂತೆ. ಕೇಳಿ ಕೇಳಿ ರೋಸಿಹೋಗಿ ಇದನ್ನು ಹೇಳುತ್ತಿದ್ದೇನೆ.

ಅವನಿಗೆ ಆ ಹೆಸರು ಬಂದದ್ದು ನಿಜವಾದ ಬೀಗಗಳಿಂದ. ಮೊದಲು ಬಸ್ ನಿಲ್ದಾಣದ ಪಕ್ಕದ ಗೋಡೆಗೆ ಹಳೆಯ ಕೊಡೆಯೊಂದನ್ನು ಸಿಕ್ಕಿಸಿ, ಕೆಳಗೆ ಗೋಣಿತಾಟು ಹಾಸಿ, ಹಲ್ಲು ಕೊರೆಯದ ಕೀಲಿಗಳ ಗೊಂಚಲು ಹರಡಿಕೊಂಡು ಕೂರುತ್ತಿದ್ದ. ಯಾರಾದರೂ ಕೀಲಿ ಕಳೆದುಕೊಂಡು ಬರೀ ಬೀಗ ತಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಅರದಿಂದ ಒಂದಿಷ್ಟು ಉಜ್ಜಿ, ತೆಗೆದುಕೊಡುತ್ತಿದ್ದ. ಆಮೇಲೆ ಜನ ಕೀಲಿ ಕಳೆದುಕೊಳ್ಳುವುದನ್ನು ಬಿಟ್ಟು ಪಾಸ್‌ವರ್ಡ್ ಮರೆಯಲು ಶುರು ಮಾಡಿದರು. "ಗುಟ್ಟೆಲ್ಲ ಪೆಟ್ಟಿಗೆಯಿಂದ ಫೋನಿಗೆ ಹೋಯ್ತು ಅಕ್ಕ, ಅದರ ಹಿಂದೇನೇ ನಾನೂ ಹೋದೆ," ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಯಾರ ಹತ್ತಿರವೋ ಕೆಲಸ ಕಲಿತು, ಈ ಗೂಡಿನಂಥ ಅಂಗಡಿ ಹಿಡಿದ. ಗಾಜಿನ ಕೌಂಟರು, ಕುತ್ತಿಗೆ ಬಗ್ಗಿದ ಒಂದು ದೀಪ, ಚಿಮುಟ, ಬಿಸಿ ಗಾಳಿ ಊದುವ ಯಂತ್ರ, ಗೋಡೆಯ ತುಂಬ ನೇತಾಡುವ ಫೋನಿನ ಕವರುಗಳು. ಇಷ್ಟೇ ಅವನ ಸಾಮ್ರಾಜ್ಯ.

ಹೆಸರು ಮಾಡಿದ್ದು ಮಾತ್ರ ಲಾಕ್ ತೆಗೆಯುವುದರಲ್ಲಿ. ಕೆಲವು ಕಂಪನಿಗಳು ತಾವು ಮಾರಿದ ಫೋನಿಗೆ ತಮ್ಮದೇ ಸಿಮ್ ಹಾಕಬೇಕೆಂದು ಒಳಗೇ ಒಂದು ಬೀಗ ಜಡಿದಿರುತ್ತವೆ. ಬೇರೆ ಕಂಪನಿಯ ಸಿಮ್ ಹಾಕಿದರೆ ಫೋನು ಮುಖ ತಿರುಗಿಸುತ್ತದೆ. ಹೊರದೇಶದಿಂದ ಬಂದವರು ತರುವ ಇಂಥ ಫೋನುಗಳನ್ನು ಅವನು ಕೊಂಡು, ಲಾಕ್ ತೆಗೆದು, ತೊಳೆದಿಟ್ಟ ಪಾತ್ರೆಯ ಹಾಗೆ ಒರೆಸಿ ಮಾರುತ್ತಿದ್ದ. "ಲಾಕ್ ತೆಗೆದ ಫೋನಿಗೆ ಯಜಮಾನ ಇಲ್ಲ. ಯಾವ ಕಂಪನಿ ಸಿಮ್ ಹಾಕಿದ್ರೂ ಮಾತಾಡುತ್ತೆ," ಎಂದು ಗಿರಾಕಿಗೆ ಹೇಳುವಾಗ ಅವನ ದನಿಯಲ್ಲಿ ಒಂದು ಗತ್ತು ಇರುತ್ತಿತ್ತು. ನನ್ನ ಫೋನನ್ನು ಕಂಡರೆ ಅವನಿಗೆ ತಾತ್ಸಾರ. ನಾನು ಅದನ್ನು ಕಂಪನಿಯ ಕೌಂಟರಿನಲ್ಲೇ ಕೊಂಡಿದ್ದೆ, ಬೀಗ ಹಾಕಿದ್ದು. "ಅದು ಫೋನಲ್ಲ ಅಕ್ಕ, ಮೂಗುದಾರ ಹಾಕಿದ ಎತ್ತು," ಎಂದು ಛೇಡಿಸುತ್ತಿದ್ದ. "ನಿನ್ನ ಮಾತಿಗೊಂದು ಮೂಗುದಾರ ಹಾಕಬೇಕು, ಮೊದಲು ಅದನ್ನ ಹುಡುಕು," ಅನ್ನುತ್ತಿದ್ದೆ ನಾನು.

ಅವನ ಹೆಂಡತಿ ನನ್ನ ಅಂಗಡಿಯಲ್ಲೇ ಕಾಜಾ ಹೊಲಿಯುತ್ತಿದ್ದವಳು. ಅಂಗಿಗೆ ಗುಂಡಿ ಕೂರುವ ತೂತಿನ ಸುತ್ತ ಅವಳು ಕೈಯಲ್ಲಿ ಹಾಕಿದ ಹೊಲಿಗೆ ನೋಡಿದರೆ ಯಂತ್ರಕ್ಕೂ ನಾಚಿಕೆಯಾಗಬೇಕು. ನನಗೆ ಅವಳು ತಂಗಿ. ಒಡಹುಟ್ಟಿದ ತಂಗಿ ಇದ್ದಿದ್ದರೆ ಇಷ್ಟು ಹೊಂದಿಕೊಳ್ಳುತ್ತಿದ್ದಳೋ ಇಲ್ಲವೋ. ನಾನು ರೇಗಿದರೆ ತಲೆ ಎತ್ತದೆ, ಸೂಜಿಗೆ ದಾರ ಪೋಣಿಸುತ್ತಾ, "ಅಕ್ಕನ ಪ್ರೆಷರ್ ಕುಕ್ಕರ್ ಇವತ್ತು ಬೇಗ ಕೂಗ್ತು," ಅನ್ನುವಳು. ಹಲಗೆಯ ಆ ಕಡೆ ಅವಳ ಗಂಡ ನಗುವನು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಒಬ್ಬರನ್ನೊಬ್ಬರು ದೂರಿದ್ದನ್ನು ನಾನಂತೂ ಕೇಳಿಲ್ಲ, ಆ ಹಲಗೆಯ ಈಚೆಯಿಂದ ನನಗೆ ಕೇಳಿಸದ ಮಾತೇ ಇರಲಿಲ್ಲ.

ಒಂದು ವರ್ಷ ಅವಳ ಕಾಲು ಊದಿಕೊಂಡಿತು, ಆಮೇಲೆ ಮುಖ. ಎರಡೂ ಕಿಡ್ನಿ ಹೋಗಿವೆ ಎಂದರು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಯಂತ್ರದ ಸೂಜಿ ಚುಚ್ಚಲು ಅನುಕೂಲವಾಗಲಿ ಎಂದು ಡಾಕ್ಟರು ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದರು. ಅಲ್ಲಿ ಬೆರಳಿಟ್ಟರೆ ಒಳಗೆ ಜುಂಯ್ ಎಂದು ನಡುಗುವುದು ಗೊತ್ತಾಗುತ್ತಿತ್ತು. "ಮುಟ್ಟಿ ನೋಡಿ ಅಕ್ಕ, ನಾನು ವೈಬ್ರೇಟ್ ಮೋಡ್‌ನಲ್ಲಿದ್ದೀನಿ," ಎಂದು ನನ್ನ ಬೆರಳನ್ನು ಅಲ್ಲಿಡಿಸಿ ನಕ್ಕಳು. ನನಗೆ ನಗು ಬರಲಿಲ್ಲ. ಬೇಸಿಗೆಯಲ್ಲೂ ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು. ಬಾಯಾರಿದರೆ ಒಂದು ಚೂರು ಐಸು ನಾಲಿಗೆಯ ಮೇಲಿಟ್ಟುಕೊಂಡು ಕಾಜಾ ಹೊಲಿಯುತ್ತಿದ್ದಳು, ಕೈ ನಡುಗಿ ಹೊಲಿಗೆ ಸೊಟ್ಟಗಾಗುವವರೆಗೆ.

ತನ್ನ ಕಿಡ್ನಿ ಕೊಡುತ್ತೇನೆಂದು ಬೀಗದಣ್ಣ ಹೋದ. ಅವನಿಗೆ ಸಕ್ಕರೆ ಕಾಯಿಲೆ ಇರುವುದು ಆ ಪರೀಕ್ಷೆಯಲ್ಲೇ ಗೊತ್ತಾಯಿತು. ನಿಮ್ಮದು ಆಗದು ಎಂದು ವಾಪಸು ಕಳಿಸಿದರು. ಅವತ್ತು ಅವನು ಹೆಂಡತಿಯ ಹತ್ತಿರ ಕ್ಷಮೆ ಕೇಳಿದ, ಅದನ್ನೂ ನಾನು ಹಲಗೆಯ ಈಚೆಯಿಂದ ಕೇಳಿಸಿಕೊಂಡೆ. ಅವಳಿಗೊಬ್ಬ ಅಣ್ಣ ಇದ್ದ. ಕಿಡ್ನಿ ಮಾತು ಬಂದ ಮೇಲೆ ಆ ಮಹಾರಾಯ ಫೋನು ಎತ್ತುವುದನ್ನೇ ಬಿಟ್ಟ. ಕೊನೆಗೆ ಉಳಿದದ್ದು ದೊಡ್ಡಾಸ್ಪತ್ರೆಯ ಪಟ್ಟಿ. ಸತ್ತವರ ಮನೆಯವರು ಕೊಡಲು ಒಪ್ಪಿದ ಕಿಡ್ನಿ ಹೊಂದಿಕೆಯಾದರೆ, ಸರದಿಯಂತೆ ಕರೆಯುತ್ತಾರೆ. ಪಟ್ಟಿ ನೋಡಿಕೊಳ್ಳುವ ಮೇಡಂ ಮೊದಲ ದಿನವೇ ಬಿಡಿಸಿ ಹೇಳಿದರು.

"ಎರಡು ನಂಬರ್ ಕೊಡಿ. ಕರೆ ಬಂದ ತಕ್ಷಣ ಎತ್ತಬೇಕು. ಸಿಗದಿದ್ರೆ ಎರಡನೇ ನಂಬರಿಗೆ ಮಾಡ್ತೀವಿ, ಮತ್ತೆ ಮತ್ತೆ ಮಾಡ್ತೀವಿ. ಆದ್ರೆ ತುಂಬ ಹೊತ್ತು ಕಾಯೋಕಾಗಲ್ಲ ಅಮ್ಮ. ಕಿಡ್ನಿ ಕಾಯಲ್ಲ."

"ಮೆಸೇಜ್ ಹಾಕಲ್ವಾ?" ಎಂದು ಬೀಗದಣ್ಣ ಕೇಳಿದ.

"ಮೆಸೇಜ್ ನೋಡಿದ್ರೋ ಇಲ್ವೋ ಗೊತ್ತಾಗಲ್ಲ. ಬಾಯಿ ಮಾತಲ್ಲೇ ಒಪ್ಪಿಗೆ ಬೇಕು."

ಅವತ್ತು ಸಂಜೆಯೇ ಬೀಗದಣ್ಣ ತನ್ನ ಅಂಗಡಿಯ ಫೋನುಗಳನ್ನೆಲ್ಲ ಕೌಂಟರಿನ ಮೇಲೆ ಸುರಿದುಕೊಂಡು ಕೂತ. ಮಗಳಿಗೆ ವರ ಹುಡುಕುವವನು ಕೂಡ ಅಷ್ಟು ತಿರುಗಿಸಿ ಮುರುಗಿಸಿ ನೋಡುವುದಿಲ್ಲ. ಕೊನೆಗೆ ಒಂದನ್ನು ಆರಿಸಿದ. ಹೊರದೇಶದ ಫೋನು, ಲಾಕ್ ತೆಗೆದದ್ದು, ಬ್ಯಾಟರಿ ಗಟ್ಟಿ, ಬಿದ್ದರೂ ಒಡೆಯದು, ಎರಡು ಸಿಮ್ಮಿನದು. ಎರಡು ಬೇರೆ ಬೇರೆ ಕಂಪನಿಯ ಹೊಸ ಸಿಮ್ ತಂದು ಹಾಕಿದ. "ಒಂದು ಕಂಪನಿ ಟವರ್ ಬಿದ್ರೆ ಇನ್ನೊಂದು ಇರುತ್ತೆ. ಎರಡು ಕಾಲಿನ ಮೇಲೆ ನಿಂತಿದೆ ಅಕ್ಕ ಇದು," ಎಂದ. ಆ ಎರಡು ನಂಬರನ್ನೇ ಆಸ್ಪತ್ರೆಗೆ ಕೊಟ್ಟ. ಅಂಗಡಿಯ ನಂಬರು ಕೊಡಲಿಲ್ಲ, ಗಿರಾಕಿಗಳ ಕಾಟದಲ್ಲಿ ಅದು ಸದಾ ಎಂಗೇಜ್ ಇರುತ್ತಿತ್ತು.

ಆ ಎಂಗೇಜಿನ ಭಯವೇ ಅವರಿಬ್ಬರ ತಲೆಗೆ ಹತ್ತಿಬಿಟ್ಟಿತು. ಆಸ್ಪತ್ರೆಯವರು ಕರೆ ಮಾಡಿದ ಹೊತ್ತಿಗೇ ಬೇರೆ ಯಾರೋ ಮಾತಾಡುತ್ತಿದ್ದರೆ? ಅದಕ್ಕೆ ಒಂದು ನಿಯಮ ಮಾಡಿದರು. ಆ ಎರಡು ನಂಬರಿಗೆ ಯಾರೂ ಕರೆ ಮಾಡಬಾರದು. ಅದರಿಂದ ಯಾರಿಗೂ ಕರೆ ಮಾಡಬಾರದು. ಏನಿದ್ದರೂ ಮೆಸೇಜು. ನೆಂಟರಿಗೆ ನಂಬರನ್ನೇ ಕೊಡಲಿಲ್ಲ. ಮೊದಲ ದಿನ ಪರೀಕ್ಷೆಗೆಂದು ನಾನು ನನ್ನ ಮೂಗುದಾರದ ಫೋನಿನಿಂದ ಎರಡಕ್ಕೂ ಒಂದೊಂದು ಸಲ ಕರೆ ಮಾಡಿದೆ. ಎರಡೂ ಜೋರಾಗಿ ಹೊಡೆದುಕೊಂಡವು. ಬೀಗದಣ್ಣನ ಮುಖ ಅರಳಿತು. "ಸಾಕು ಅಕ್ಕ, ಇನ್ಮೇಲೆ ಯಾರೂ ಮುಟ್ಟಬೇಡಿ," ಎಂದ. ಆ ಫೋನಿಗೆ ಬಂದ ಕರೆಗಳು ಅವೇ ಮೊದಲು, ಅವೇ ಕೊನೆ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಬಟ್ಟೆಯ ಚೀಲ ಬಾಗಿಲ ಹಿಂದೆ ತಯಾರಾಗಿತ್ತು. ಅವಳು ಸ್ನಾನಕ್ಕೆ ಹೋದರೆ ಫೋನು ಬಚ್ಚಲ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರುತ್ತಿತ್ತು. ನನ್ನ ಅಂಗಡಿಗೆ ಬಂದರೆ ಮೆಷಿನ್ನಿನ ಪಕ್ಕ ಒಂದು ಬಟ್ಟೆಯ ಚೂರು ಹಾಸಿ ಅದರ ಮೇಲಿಡುತ್ತಿದ್ದಳು. ನಾನು ಅಂಗಡಿಯಲ್ಲೇ ಕೂತು ಎದುರಿಗಿರುವವಳಿಗೆ "ಐಸು ತರಲಾ?" ಎಂದು ಮೆಸೇಜು ಹಾಕುತ್ತಿದ್ದೆ, ಟಿಣ್ ಎನ್ನುತ್ತಿತ್ತು. ಸಂಜೆಯ ಹೊತ್ತು ಗಂಡ ಹೆಂಡತಿ ಅದರಲ್ಲೇ ನಗೆಯ ವೀಡಿಯೋ ನೋಡುತ್ತಿದ್ದರು. ಫೋನು ಜೀವಂತವಾಗಿದೆ ಎನ್ನಲು ಇನ್ನೇನು ಬೇಕು?

ಈ ನಡುವೆ ಕಂಪನಿಗಳಿಂದ ಎಲ್ಲರಿಗೂ ಒಂದು ಸೂಚನೆ ಬಂತು. ಹಳೆಯ ನೆಟ್‌ವರ್ಕ್ ಮುಚ್ಚುತ್ತಿದ್ದೇವೆ, ನಿಮ್ಮ ಹ್ಯಾಂಡ್‌ಸೆಟ್ ಹೊಸದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ ಎಂದು. ಮೊದಲು ಒಂದು ಕಂಪನಿ, ಸ್ವಲ್ಪ ತಡೆದು ಇನ್ನೊಂದು. ಬಟನ್ ಫೋನಿನ ಮುದುಕರೆಲ್ಲ ಗಾಬರಿಯಾಗಿ ಬೀಗದಣ್ಣನ ಅಂಗಡಿಗೆ ಮುತ್ತಿದರು. ಅವನು ಎಲ್ಲರಿಗೂ ಸಮಾಧಾನವಾಗಿ ಬಿಡಿಸಿ ಹೇಳುತ್ತಿದ್ದ. "ಹಳೇ ಡಬ್ಬಾ ಸೆಟ್‌ಗಳಿಗೆ ಮಾತ್ರ ತೊಂದರೆ ಅಜ್ಜ. ನೆಟ್ ಓಡೋ ಸ್ಮಾರ್ಟ್‌ಫೋನಿಗೆ ಏನೂ ಆಗಲ್ಲ." ನಾನೂ ಈಚೆಯಿಂದ ಕೇಳುತ್ತಿದ್ದೆ. ನನಗೇನು ಗೊತ್ತು, ಅವನು ಹೇಳಿದ್ದೇ ನಮಗೆ ವೇದವಾಕ್ಯ.

ದೊಡ್ಡಾಸ್ಪತ್ರೆಯಲ್ಲಿ ಆಗಾಗ ತಪಾಸಣೆ ಇರುತ್ತಿತ್ತು. ಪ್ರತಿ ಸಲವೂ ಅವನೇ ಕರೆದುಕೊಂಡು ಹೋಗುತ್ತಿದ್ದ. ಆ ಸಲ ಅವನ ಪಾದದಲ್ಲಿ ಸಕ್ಕರೆ ಗಾಯ ಬಿರಿದು, ನೆಲಕ್ಕೆ ಕಾಲೂರಬೇಡ ಎಂದಿದ್ದರು. ಹಾಗಾಗಿ ನಾನು ಅಂಗಡಿ ಮುಚ್ಚಿ ಜೊತೆಗೆ ಹೋದೆ. ರಕ್ತ ಕೊಟ್ಟು, ತೂಕ ನೋಡಿಸಿ, ಮೇಡಂ ಕೋಣೆಗೆ ಹೋದೆವು. ಅವರು ಅವಳನ್ನು ನೋಡಿದವರೇ ಕನ್ನಡಕ ತೆಗೆದರು.

"ಅವತ್ತು ಯಾಕಮ್ಮ ಫೋನಿಗೆ ಸಿಗಲಿಲ್ಲ?"

"ಯಾವತ್ತು?" ಎಂದಳು ತಂಗಿ.

"ಹೋದ ತಿಂಗಳು. ನಿಮಗೆ ಚೆನ್ನಾಗಿ ಹೊಂದಿಕೆಯಾಗೋ ಕಿಡ್ನಿ ಬಂದಿತ್ತು. ಮಧ್ಯಾಹ್ನ ಪೂರ್ತಿ ಎರಡೂ ನಂಬರಿಗೆ ಮಾಡಿದೆ. ಎರಡೂ ಸಂಪರ್ಕದಲ್ಲಿಲ್ಲ ಅಂತ ಬಂತು. ಆಮೇಲೆ ಮುಂದಿನವರನ್ನ ಕರೀಬೇಕಾಯ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಏನು ಹೇಳ್ತಿದೀರಿ ಮೇಡಂ? ಆ ಫೋನನ್ನ ಇವಳು ಮಗು ಥರ ಎತ್ಕೊಂಡು ಓಡಾಡ್ತಾಳೆ. ನೀವು ಯಾವ ನಂಬರಿಗೆ ಮಾಡಿದ್ರೋ ಏನೋ," ಎಂದು ದನಿ ಏರಿಸಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ತಂಗಿಯ ಫೋನನ್ನು ಮೇಜಿನ ಮೇಲಿಡಿಸಿದರು. ಪರದೆಯ ಮೇಲೆ ಎರಡೂ ಸಿಮ್ಮಿನ ಟವರ್ ಕಡ್ಡಿಗಳು ತುಂಬಿ ನಿಂತಿದ್ದವು. ತಮ್ಮ ಫೋನಿನಿಂದ ಮೊದಲ ನಂಬರು ಒತ್ತಿ ಸ್ಪೀಕರು ಹಾಕಿದರು. ನೀವು ಕರೆ ಮಾಡಿದ ಚಂದಾದಾರರು ಸಂಪರ್ಕದಲ್ಲಿಲ್ಲ ಎಂದು ಹೆಣ್ಣು ದನಿ ಹೇಳಿತು. ಎರಡನೆಯದು ಒತ್ತಿದರು. ಅದೇ ಮಾತು. ಮೇಜಿನ ಮೇಲೆ ಫೋನು ಕಡ್ಡಿಗಳೆಲ್ಲ ತುಂಬಿಕೊಂಡು ತೆಪ್ಪಗೆ ಬಿದ್ದಿತ್ತು. ಅದೇ ಹೊತ್ತಿಗೆ ಬೀಗದಣ್ಣನ ಮೆಸೇಜು ಬಂತು, ಟಿಣ್. "ಡಾಕ್ಟರ್ ಏನಂದ್ರು?"

ಮೇಡಂ ನಿಟ್ಟುಸಿರು ಬಿಟ್ಟು ಹೇಳಿದರು. ಮುಂಚೆ ಮಾತು ಹೋಗುತ್ತಿದ್ದದ್ದು ಹಳೆಯ ನೆಟ್‌ವರ್ಕಿನ ಮೇಲೆ, ಇಂಟರ್‌ನೆಟ್ ಹೋಗುತ್ತಿದ್ದದ್ದು ಹೊಸದರ ಮೇಲೆ. ಹಳೆಯದು ಮುಚ್ಚಿದ ಮೇಲೆ ಮಾತೂ ಹೊಸದರ ಮೇಲೆಯೇ ಹೋಗಬೇಕು. ಆದರೆ ಅದಕ್ಕೆ ಫೋನು ಮತ್ತು ಕಂಪನಿ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿರಬೇಕು. ಹೊರಗಿನಿಂದ ತಂದ ಎಷ್ಟೋ ಫೋನುಗಳನ್ನು ಇಲ್ಲಿನ ಕಂಪನಿಗಳು ಮಾತಿಗೆ ಒಪ್ಪಿಕೊಂಡಿಲ್ಲ. ನೆಟ್ ಓಡುತ್ತದೆ, ಅದರ ಮೇಲೆ ಮೆಸೇಜು ಬರುತ್ತದೆ, ಕರೆ ಮಾತ್ರ ಬರುವುದಿಲ್ಲ. "ನಮ್ಮ ಪಟ್ಟಿಯಲ್ಲೇ ಇನ್ನೊಬ್ಬರಿಗೂ ಹೀಗಾಯ್ತು. ಅವರಿಗೆ ನೆಂಟರು ಫೋನ್ ಮಾಡಿ ಸಿಗದೆ ಬೇಗ ಗೊತ್ತಾಯ್ತು. ನಿಮಗೆ ಯಾರೂ ಫೋನೇ ಮಾಡಿರಲಿಲ್ವಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನನ್ನ ಆಯುಷ್ಯದಲ್ಲಿ ಎಷ್ಟು ಸಲ ಆಡಿದ್ದೇನೋ, ಅದರ ಕಹಿ ಗೊತ್ತಾದದ್ದು ಆ ಕೋಣೆಯಲ್ಲಿ.

ತಂಗಿಯೇ ಮೊದಲು ಬಾಯಿ ಬಿಟ್ಟಳು. "ನಂಬರ್ ಬದಲಾಯಿಸಿ ಮೇಡಂ. ಇವರ ನಂಬರ್ ಬರ್ಕೊಳ್ಳಿ," ಎಂದು ನನ್ನ ಕಡೆ ತೋರಿಸಿದಳು. ನನ್ನ ಫೋನನ್ನು ಅಲ್ಲೇ ಹೊಡೆಸಿ ನೋಡಿದರು. ಆ ಎತ್ತು ಚೆನ್ನಾಗಿಯೇ ಕೂಗಿತು.

ಹೊರಗೆ ಬಂದು ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಕೂತಾಗ ಅವಳು ನನ್ನ ಕೈ ಹಿಡಿದಳು. "ಅವರಿಗೆ ಹೇಳಬೇಡಿ ಅಕ್ಕ."

"ಹೇಳದೆ? ಆ ಫೋನನ್ನ ತಗೊಂಡೋಗಿ ಅವನ ತಲೆ ಮೇಲೆ ಕುಕ್ಕಬೇಕು ಅನ್ನಿಸ್ತಿದೆ ನನಗೆ."

"ಸಕ್ಕರೆ ಕಾಯಿಲೆ ಬಂದಿದ್ದಕ್ಕೇ ನನ್ನ ಹತ್ರ ಕ್ಷಮೆ ಕೇಳಿದ ಮನುಷ್ಯ ಅವರು. ಇದು ಗೊತ್ತಾದ್ರೆ ಉಳೀತಾರಾ? ನನ್ನ ಕಿಡ್ನಿ ಹೋಗಿದ್ದು ಹೋಯ್ತು. ಅವರನ್ನೂ ಕಳ್ಕೊಂಡು ನಾನು ಯಾರ ಮನೇಲಿ ಇರ್ಲಿ? ನಿಮ್ಮ ಮನೇಲಿ ಇರೋಕಂತೂ ಆಗಲ್ಲ, ಬೈಗುಳದಲ್ಲೇ ಸಾಯ್ತೀನಿ."

ಅಂಥ ಹೊತ್ತಿನಲ್ಲೂ ತಮಾಷೆ ಮಾಡಿದಳು. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ, ಅವಳ ಕಣ್ಣು ಹಾಗಿತ್ತು. ಮನೆಗೆ ಬಂದಾಗ ಅವನು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕಾಯುತ್ತಿದ್ದ. "ಏನಂದ್ರೇ?" ಎಂದ. "ಇನ್ನೂ ಸ್ವಲ್ಪ ಕಾಯಬೇಕಂತೆ ರೀ," ಎಂದು ಫೋನನ್ನು ಅದರ ಜಾಗದಲ್ಲಿಟ್ಟಳು. ಅವತ್ತಿನಿಂದ ನಾನು ನನ್ನ ಫೋನನ್ನು ಬಿಟ್ಟಿರಲಿಲ್ಲ. ತರಕಾರಿ ಕೊಳ್ಳುವಾಗಲೂ ಕೈಯಲ್ಲೇ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ತಿರುಗುವ ಹಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವನ ಗಾಯ ಅರ್ಧ ಮಾಗಿ, ಕುಂಟುತ್ತಾ ಅಂಗಡಿಗೆ ಬರಲು ಶುರು ಮಾಡಿದ್ದ. ಒಂದು ಬೆಳಿಗ್ಗೆ ಆ ಕಡೆ ಗದ್ದಲ ಕೇಳಿತು. ನಲ್ಲಿ ರಿಪೇರಿ ಮಾಡುವವನೊಬ್ಬ ಬಂದಿದ್ದ.

"ಏನಣ್ಣ, ಇಂಥಾ ಫೋನ್ ಕೊಟ್ಟಿದೀಯಲ್ಲ. ಟವರ್ ಫುಲ್ ಇದೆ, ವೀಡಿಯೋ ಓಡುತ್ತೆ. ಗಿರಾಕಿ ಫೋನ್ ಮಾಡಿದ್ರೆ ಮಾತ್ರ ಸಿಗಲ್ವಂತೆ. ಕೆಲಸವೇ ಇಲ್ಲ ಅಂತ ನಾನು ಕೂತಿದ್ರೆ, ಅಲ್ಲಿ ಜನ ನನಗೆ ಮಾಡಿ ಮಾಡಿ ಬೇರೆಯವನನ್ನ ಕರೆಸ್ಕೊಂಡಿದಾರೆ."

"ಕೊಡಿಲ್ಲಿ, ಏನೋ ಸೆಟ್ಟಿಂಗ್ ಇರಬೇಕು," ಎಂದ ಬೀಗದಣ್ಣ. ಆಮೇಲೆ ಅವನು ತನ್ನ ಫೋನಿನಿಂದ ಕರೆ ಮಾಡಿದ್ದು, ಸ್ಪೀಕರಿನಲ್ಲಿ ಆ ಹೆಣ್ಣು ದನಿ ಹೇಳಿದ್ದು ಎಲ್ಲ ನನಗೆ ಕೇಳಿತು. ನಾನು ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದು ಬಾಗಿಲಿಗೆ ಬಂದೆ. ಸಿಮ್ ತೆಗೆದು ಹಾಕಿದ. ಮತ್ತೆ ಮಾಡಿದ. ಅದೇ ದನಿ. ನಲ್ಲಿಯವನು ಏನೇನೋ ಬೈಯುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಬೀಗದಣ್ಣ ಕೌಂಟರಿನ ಮೇಲಿದ್ದ ಯಾವುದೋ ಹೊಸ ಫೋನನ್ನು ಹಾಗೇ ಎತ್ತಿ ಅವನ ಕೈಗೆ ಕೊಟ್ಟು, ಶಟರು ಎಳೆದು, ಕುಂಟುತ್ತಾ ಮನೆಯ ಕಡೆ ಹೋದ. ನಲ್ಲಿಯವನು ತಂದಿದ್ದ ಫೋನು ತಂಗಿಗೆ ಆರಿಸಿದ ಮಾಡೆಲ್ಲೇ ಎಂದು ನನಗೆ ಹೇಳಬೇಕಾಗಿರಲಿಲ್ಲ.

ಮಾರನೇ ದಿನ ಬಿಡಿಭಾಗ ತರಲು ಹೋಗುತ್ತೇನೆಂದು ಹೆಂಡತಿಗೆ ಹೇಳಿ ಹೊರಟ. ಇಳಿಹೊತ್ತಿಗೆ ಬಂದು ನನ್ನ ಅಂಗಡಿಯ ಒಳಗೆ, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಬ್ಯಾಂಡೇಜು ಧೂಳಾಗಿತ್ತು.

"ದೊಡ್ಡಾಸ್ಪತ್ರೆಗೆ ಹೋಗಿದ್ದೆ ಅಕ್ಕ. ನಂಬರ್ ಬದಲಾಯಿಸೋಣ ಅಂತ. ಆಗಲೇ ನಿಮ್ಮ ನಂಬರ್ ಇದೆ ಅಲ್ಲಿ."

ನಾನು ಸೂಜಿ ನೋಡುತ್ತಾ ಕೂತೆ.

"ಎಲ್ಲ ಹೇಳಿದ್ರು. ಯಾವತ್ತು ಅಂತಾನೂ ಹೇಳಿದ್ರು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಅವತ್ತು ಮಧ್ಯಾಹ್ನ ನಾನು ಅಂಗಡಿ ತೆಗೀಲಿಲ್ಲ, ನೆನಪಿದೆಯಾ? ಅವಳಿಗೆ ಸುಸ್ತು ಅಂತ ಮನೇಲೇ ಇದ್ದೆ. ಆ ಫೋನು ನನ್ನ ಕೈಯಲ್ಲೇ ಇತ್ತು. ಇಬ್ರೂ ಅದರಲ್ಲಿ ವೀಡಿಯೋ ನೋಡಿ ನಗ್ತಾ ಇದ್ವಿ. ಅವರು ಕರೀತಾ ಇದ್ದಾಗ ನಾನು ಅದನ್ನ ಹಿಡ್ಕೊಂಡೇ ಇದ್ದೆ ಅಕ್ಕ. ಬೀಗ ತೆಗ್ದೆ, ಅಷ್ಟೇ ನಾನು ಮಾಡಿದ್ದು. ಆಚೆ ಕಡೆಯವರು ಬಾಗಿಲು ತೆಗೀಬೇಕು ಅಂತ ಯೋಚನೇನೇ ಮಾಡ್ಲಿಲ್ಲ."

"ಅವಳಿಗೆ ಗೊತ್ತು," ಎಂದೆ. "ನಿನಗೆ ಹೇಳಬೇಡಿ ಅಂತ ನನ್ನ ಹತ್ರ ಮಾತು ತಗೊಂಡಿದಾಳೆ."

ಅವನು ಬಗ್ಗಿ ಬ್ಯಾಂಡೇಜಿನ ಧೂಳು ಕೊಡವಿದ. "ಹಾಗಾದ್ರೆ ನನಗೆ ಗೊತ್ತಾಗಿದೆ ಅಂತ ಅವಳಿಗೂ ಗೊತ್ತಾಗಬಾರದು. ನನ್ನನ್ನ ಉಳಿಸ್ದೆ ಅನ್ನೋ ಸಮಾಧಾನ ಆದ್ರೂ ಅವಳಿಗಿರ್ಲಿ," ಎಂದ.

ಹೀಗೆ ಇಬ್ಬರೂ ತಮ್ಮ ತಮ್ಮ ಗುಟ್ಟನ್ನು ನನ್ನ ತಲೆಗೆ ಕಟ್ಟಿದರು. ಅತ್ತ ದರಿ, ಇತ್ತ ಪುಲಿ. ಅವನು ಆ ಮಾಡೆಲ್ ಕೊಂಡವರ ಮನೆ ಮನೆಗೆ ಕುಂಟಿಕೊಂಡು ಹೋಗಿ ಬೇರೆ ಫೋನು ಕೊಟ್ಟು ಬಂದ. ಕೆಲವರು ಇವನಿಗೆ ತಲೆ ಕೆಟ್ಟಿದೆ ಎಂದರು. ಬೀದಿಯ ಗುಸುಗುಸು ಶುರುವಾದದ್ದು ಅಲ್ಲಿಂದಲೇ. ಆದರೆ ಮನೆಯಲ್ಲಿ ಆ ಒಂದು ಫೋನನ್ನು ಮಾತ್ರ ಕದಲಿಸಲಿಲ್ಲ. ಅವಳು ಅವನಿಗಾಗಿ ಅದನ್ನು ಸ್ನಾನದ ಹೊತ್ತಿಗೆ ಸ್ಟೂಲಿನ ಮೇಲೆ ಇಡುತ್ತಿದ್ದಳು. ಅವನು ಅವಳಿಗಾಗಿ ಅದರ ಗಾಜು ಒರೆಸುತ್ತಿದ್ದ. ಎದುರಿಗೆ ಕೂತು ನೋಡುತ್ತಿದ್ದ ನನಗೆ ಒಮ್ಮೊಮ್ಮೆ ಎದ್ದು ಇಬ್ಬರ ಕಪಾಳಕ್ಕೂ ಬಿಟ್ಟು, ಇಬ್ಬರನ್ನೂ ತಬ್ಬಿಕೊಂಡು ಅಳೋಣ ಅನ್ನಿಸುತ್ತಿತ್ತು. ಮಾಡಲಿಲ್ಲ. ಚಾ ಕಾಸಿ ಕೊಟ್ಟೆ.

ಮಳೆ ನಿಂತು ಚಳಿ ಬಿದ್ದಾಗ ಅವಳಿಗೆ ಜ್ವರ ಬಂತು. ಸೂಜಿ ಚುಚ್ಚುವ ಜಾಗದಿಂದ ನಂಜು ಒಳಗೆ ಹೋಗಿದೆ ಎಂದು ಹತ್ತಿರದ ಆಸ್ಪತ್ರೆಗೆ ಸೇರಿಸಿಕೊಂಡರು. ಮೈ ಕೆಂಡವಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಔಷಧಿ ತರಲು ಕೆಳಗೆ ಹೋಗಿ ಸಾಲಿನಲ್ಲಿ ನಿಂತಿದ್ದಾಗ ನನ್ನ ಫೋನು ಹೊಡೆದುಕೊಂಡಿತು.

ಮೇಡಂ ದನಿ. "ಕಿಡ್ನಿ ಬಂದಿದೆ. ಹೊಂದಿಕೆ ಆಗುತ್ತೆ. ಅವರು ಹೇಗಿದಾರೆ? ಜ್ವರ, ನಂಜು ಏನೂ ಇಲ್ಲ ತಾನೆ?"

ಇಲ್ಲ ಅನ್ನಲು ಬಾಯಿ ತೆರೆದೆ. ಸುಳ್ಳು ಹೇಳಿ ಕರೆದುಕೊಂಡು ಹೋದರೂ ಅಲ್ಲಿ ಮೊದಲು ಮುಟ್ಟುವುದೇ ಹಣೆಯನ್ನು. ಜ್ವರದ ಮೈಗೆ ಹಾಕಿದರೆ ಅವಳೂ ಉಳಿಯಳು, ಕಿಡ್ನಿಯೂ ಹಾಳು, ಪಟ್ಟಿಯಲ್ಲಿ ಕಾಯುತ್ತಿರುವ ಇನ್ಯಾರದೋ ಪಾಲೂ ಹೋಗುತ್ತದೆ.

"ಇದೆ ಮೇಡಂ," ಎಂದೆ. "ಆಸ್ಪತ್ರೇಲೇ ಇದ್ದೀವಿ."

"ಛೇ. ಹುಷಾರಾಗ್ಲಿ, ಮತ್ತೆ ನೋಡೋಣ ಅಮ್ಮ," ಎಂದು ಇಟ್ಟರು. ಕರೆ ಬರಲಿ ಎಂದು ಎಷ್ಟು ಹಂಬಲಿಸಿದ್ದೆನೋ ಅಷ್ಟೇ ಹೊಟ್ಟೆಯಿಂದ ಆ ಗಳಿಗೆಯಲ್ಲಿ ಆ ಫೋನನ್ನು ಶಪಿಸಿದೆ. ಸಾಲಿನಲ್ಲಿ ಹಿಂದಿದ್ದವನು "ಮುಂದೆ ಹೋಗಿ" ಅಂದ, ಅವನಿಗೂ ಬೈದೆ. ಮೇಲೆ ಬಂದು ಬೀಗದಣ್ಣನನ್ನು ಹೊರಗೆ ಕರೆದು ಹೇಳಿದೆ. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. "ಮೊದಲನೇದು ಬಂದಾಗ ಜ್ವರ ಇರ್ಲಿಲ್ಲ," ಎಂದ.

ಜ್ವರ ಇಳಿಯಲಿಲ್ಲ. ಡಾಕ್ಟರು ನಮ್ಮ ಮುಖ ನೋಡಿ ಮಾತಾಡುವುದನ್ನು ನಿಲ್ಲಿಸಿದರು. ಒಂದು ಮಧ್ಯಾಹ್ನ ಅವಳು ತಾನಾಗಿ ಕಣ್ಣು ಬಿಟ್ಟಳು, ಮಾತು ಸ್ಪಷ್ಟವಾಗಿತ್ತು. ಅವನು ಮಂಚದ ಪಕ್ಕ ಕೂತಿದ್ದ, ನಾನು ಕಾಲ ಹತ್ತಿರ ನಿಂತು ಹೊದಿಕೆ ಸರಿಮಾಡುತ್ತಿದ್ದೆ.

"ರೀ, ಆ ಫೋನ್ ಎಲ್ಲಿ?"

ಅವನು ಅಂಗಿ ಜೇಬಿನಿಂದ ತೆಗೆದ. "ಇಲ್ಲೇ ಇದೆ ಕಣೇ."

"ಚಾರ್ಜ್ ಇದೆಯಾ?"

"ಫುಲ್ ಇದೆ. ಟವರೂ ಫುಲ್ ಇದೆ, ನೋಡು." ಪರದೆಯನ್ನು ಅವಳ ಕಣ್ಣ ಮುಂದೆ ಹಿಡಿದ.

"ಹಾಗಾದ್ರೆ ಇವತ್ತಲ್ಲ ನಾಳೆ ಬಂದೇ ಬರುತ್ತೆ. ನೀವು ಯೋಚನೆ ಮಾಡಬೇಡಿ. ಒಳ್ಳೇ ಫೋನೇ ಕೊಟ್ಟಿದೀರಿ." ಉಸಿರು ಎಳೆದುಕೊಂಡಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ನಿಮಗೆ ಸಕ್ಕರೆ ಇಳಿಯುತ್ತೆ. ಹೋಗಿ ಎರಡು ತುತ್ತು ತಿಂದು ಬನ್ನಿ."

"ಹೋಗ್ತೀನಿ. ಅಷ್ಟರಲ್ಲಿ ಫೋನ್ ಬಂದ್ರೆ ನೀನೇ ಎತ್ತು," ಎಂದು ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಚಿದ.

"ಎತ್ತುತ್ತೀನಿ," ಎಂದಳು.

ಅವನು ಕುಂಟುತ್ತಾ ಬಾಗಿಲು ದಾಟಿದ. ಅವಳು ಅವನ ಬೆನ್ನು ಮರೆಯಾಗುವವರೆಗೂ ನೋಡಿ, ನನ್ನ ಕಡೆ ತಿರುಗಿ ಸಣ್ಣಗೆ ನಕ್ಕಳು.

"ಪಾಪ ಅಕ್ಕ, ಅವರಿಗೆ ಇನ್ನೂ ಗೊತ್ತಿಲ್ಲ."

"ಇಲ್ಲ ತಂಗಿ," ಎಂದೆ. "ಅವನಿಗೇನೂ ಗೊತ್ತಿಲ್ಲ."

ಅವನು ತಿಂದು ಬರುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು.